ಎಚ್.ಎ.ಎಲ್. ಪಾರಂಪರಿಕ ಕೇಂದ್ರ ಮತ್ತು ವೈಮಾನಿಕ ವಸ್ತುಸಂಗ್ರಹಾಲಯ

ಎಚ್.ಎ.ಎಲ್. ಪಾರಂಪರಿಕ ಕೇಂದ್ರ ಮತ್ತು ವೈಮಾನಿಕ ವಸ್ತುಸಂಗ್ರಹಾಲಯವು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ, ಮಾರತಹಳ್ಳಿಗೆ ಹೋಗುವ ದಾರಿಯಲ್ಲಿರುವ ಒಂದು ಸಣ್ಣ ವಸ್ತುಸಂಗ್ರಹಾಲಯ. ಸಾರ್ವಜನಿಕ ವಲಯದ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್.ಎ.ಎಲ್.) ಸಂಸ್ಥೆಯು ಇದನ್ನು 2001ರಲ್ಲಿ ಸ್ಥಾಪಿಸಿತು. ಸುಮಾರು ನಾಲ್ಕು ಎಕರೆ ವಿಸ್ತಾರದ ಈ ಆವರಣದಲ್ಲಿ ವಿಮಾನಗಳು, ಎಂಜಿನ್‌ಗಳು, ಮಾದರಿಗಳು ಮತ್ತು ಛಾಯಾಚಿತ್ರಗಳ ಮೂಲಕ 1940ರಿಂದ ಈಚಿನ ಭಾರತೀಯ ವಿಮಾನ ತಯಾರಿಕೆಯ ಚರಿತ್ರೆಯನ್ನು ನಿರೂಪಿಸಲಾಗಿದೆ. ಎರಡನೆಯ ಮಹಾಯುದ್ಧದ ಅಗತ್ಯದಿಂದ ಹುಟ್ಟಿದ ಕಾರ್ಖಾನೆಯೊಂದು ಮುಂದೆ 1965 ಮತ್ತು 1971ರ ಯುದ್ಧಗಳಿಗೆ ವಿಮಾನಗಳನ್ನು ಒದಗಿಸಿದ ಕಥೆಯೂ ಇದರಲ್ಲಿ ಅಡಕವಾಗಿದೆ.

ಹಿನ್ನೆಲೆ

1939ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಪೆಸಿಫಿಕ್ ಸಾಗರವನ್ನು ವಿಮಾನದಲ್ಲಿ ದಾಟುವಾಗ ವಿಲಿಯಂ ಡಗ್ಲಸ್ ಪಾಲಿ ಎಂಬ ಅಮೆರಿಕನ್ನರ ಪರಿಚಯವಾಯಿತು. ಪಾಲಿ ಆಗ ಚೀನಾ ದೇಶಕ್ಕಾಗಿ ವಿಮಾನಗಳನ್ನು ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದರು. ಜಪಾನಿನ ದಾಳಿಯಿಂದ ಚೀನಾದಲ್ಲಿ ಆ ಕೆಲಸ ಮುಂದುವರಿಸುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತಿತ್ತು. ಭಾರತದಲ್ಲಿಯೇ ಇಂತಹ ಕಾರ್ಖಾನೆ ಸ್ಥಾಪಿಸಬೇಕೆಂಬ ವಾಲ್‌ಚಂದರ ಹಂಬಲಕ್ಕೆ ಈ ಭೇಟಿ ದಾರಿಮಾಡಿತು.

ಕಾರ್ಖಾನೆಗೆ ನೆಲೆ ಒದಗಿಸಿದ್ದು ಮೈಸೂರು ಸಂಸ್ಥಾನ. ಆಗ ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದರು. 1940ರ ಆಗಸ್ಟ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ತೀರಿಕೊಂಡು, ಜಯಚಾಮರಾಜ ಒಡೆಯರ್ ಅವರು ಪಟ್ಟಕ್ಕೆ ಬಂದಿದ್ದರು. ಸಂಸ್ಥಾನವು 25 ಲಕ್ಷ ರೂಪಾಯಿಗಳ ಬಂಡವಾಳವನ್ನೂ ಸುಮಾರು 700 ಎಕರೆ ಜಮೀನನ್ನೂ ನೀಡಿತು. ಶಿವನಸಮುದ್ರದ ಜಲವಿದ್ಯುತ್ತು, ಭದ್ರಾವತಿಯ ಉಕ್ಕು, ಭಾರತೀಯ ವಿಜ್ಞಾನ ಸಂಸ್ಥೆಯ ಸಾಮೀಪ್ಯ, ಹಿತವಾದ ಹವೆ, ಯುದ್ಧರಂಗದಿಂದ ದೂರದಲ್ಲಿರುವ ಒಳನಾಡು ಎಂಬ ಅನುಕೂಲಗಳೆಲ್ಲ ಬೆಂಗಳೂರಿಗಿದ್ದವು. 1940ರ ಡಿಸೆಂಬರ್ 23ರಂದು ನಾಲ್ಕು ಕೋಟಿ ರೂಪಾಯಿಗಳ ಅಧಿಕೃತ ಬಂಡವಾಳದೊಡನೆ ‘ಹಿಂದೂಸ್ತಾನ್ ಏರ್‌ಕ್ರಾಫ್ಟ್’ ಕಂಪನಿ ನೋಂದಣಿಯಾಯಿತು.

ಯುದ್ಧಕಾಲದ ಕಾರ್ಖಾನೆ

ಕಂಪನಿಯು ಮೊದಲಿಗೆ ಅಮೆರಿಕದಿಂದ ಬಂದ ಬಿಡಿಭಾಗಗಳನ್ನು ಜೋಡಿಸುವ ಕೆಲಸ ಕೈಗೊಂಡಿತು. ಹಾರ್ಲೋ ಪಿ.ಸಿ.-5 ತರಬೇತಿ ವಿಮಾನವು 1941ರಲ್ಲಿ ಇಲ್ಲಿ ಜೋಡಣೆಗೊಂಡು ಹಾರಿತು. 1942ರ ಜುಲೈ ಕೊನೆಗೆ ಕರ್ಟಿಸ್ ಹಾಕ್ ಯುದ್ಧವಿಮಾನದ ಹಾರಾಟವೂ ನಡೆಯಿತು. ಇದೇ ವರ್ಷಗಳಲ್ಲಿ ಡಾ. ವಿ. ಎಂ. ಘಾಟಗೆ ಅವರ ವಿನ್ಯಾಸದಲ್ಲಿ ಹತ್ತು ಜನ ಕುಳಿತುಕೊಳ್ಳಬಹುದಾದ ಒಂದು ಗ್ಲೈಡರ್ ಸಿದ್ಧವಾಯಿತು. ಘಾಟಗೆಯವರು ಜರ್ಮನಿಯ ಗಾಟಿಂಗೆನ್‌ನಲ್ಲಿ, ವಾಯುಗತಿಶಾಸ್ತ್ರದ ಆದ್ಯರಲ್ಲೊಬ್ಬರಾದ ಲುಡ್ವಿಗ್ ಪ್ರಾಂಟ್ಲ್ ಅವರ ಬಳಿ ಅಧ್ಯಯನ ಮಾಡಿ ಬಂದವರು. 1942ರ ಡಿಸೆಂಬರ್‌ನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾದುದಕ್ಕೂ ಈ ಕಾರ್ಖಾನೆಯ ಅಗತ್ಯಗಳಿಗೂ ನೇರ ಸಂಬಂಧವಿದೆ.

1941ರ ಮಾರ್ಚ್‌ನಲ್ಲಿ ಭಾರತ ಸರ್ಕಾರವು ಕಂಪನಿಯ ಪಾಲುದಾರನಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಪಾನ್ ಯುದ್ಧಕ್ಕಿಳಿದ ಮೇಲೆ ಸಿಂಗಪುರ ಮತ್ತು ರಂಗೂನ್ ನಗರಗಳು ಒಂದರ ಹಿಂದೊಂದು ಅದರ ವಶವಾದವು. 1942ರಲ್ಲಿ ಸರ್ಕಾರವು ವಾಲ್‌ಚಂದರ ಪಾಲನ್ನು ಕೊಂಡು ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಹೊಸ ವಿಮಾನಗಳ ತಯಾರಿಕೆಗಿಂತ ಯುದ್ಧದಲ್ಲಿ ಸವೆದ ವಿಮಾನಗಳ ದುರಸ್ತಿಯೇ ತುರ್ತಾಯಿತು. 1943ರಲ್ಲಿ ಕಾರ್ಖಾನೆಯು ಅಮೆರಿಕದ ಸೇನಾ ವಾಯುಪಡೆಗೆ ಒಪ್ಪಿಸಲ್ಪಟ್ಟು, ಅದರ 84ನೆಯ ವಾಯು ಡಿಪೋ ಆಗಿ ಯುದ್ಧ ಮುಗಿಯುವವರೆಗೆ ಕೆಲಸ ಮಾಡಿತು.

ಬರ್ಮಾ ರಣರಂಗದಲ್ಲಿ ಹೋರಾಡುತ್ತಿದ್ದ ವಿಮಾನಗಳೂ, ಅಸ್ಸಾಮಿನಿಂದ ಹಿಮಾಲಯದ ಪೂರ್ವ ಶ್ರೇಣಿಗಳನ್ನು ದಾಟಿ ಚೀನಾಕ್ಕೆ ಸಾಮಗ್ರಿ ಸಾಗಿಸುತ್ತಿದ್ದ ವಿಮಾನಗಳೂ ನಿಯತವಾಗಿ ಕೂಲಂಕಷ ದುರಸ್ತಿಯನ್ನು ಬೇಡುತ್ತಿದ್ದವು. ಡಕೋಟಾ ಸಾಗಣೆ ವಿಮಾನ, ಮಿಚೆಲ್ ಬಾಂಬರ್, ಕ್ಯಾಟಲೀನಾ ಜಲವಿಮಾನ ಮುಂತಾದವುಗಳನ್ನು ಬೆಂಗಳೂರಿನಲ್ಲಿ ಬಿಚ್ಚಿ, ಸರಿಪಡಿಸಿ, ಮತ್ತೆ ಜೋಡಿಸಿ ಕಳುಹಿಸಲಾಗುತ್ತಿತ್ತು. ಕ್ಯಾಟಲೀನಾ ವಿಮಾನಗಳು ಇಳಿಯಲು ಸಮೀಪದ ಬೆಳ್ಳಂದೂರು ಕೆರೆಯನ್ನು ಬಳಸಲಾಗುತ್ತಿತ್ತು. ಅದುವರೆಗೆ ವಿಮಾನವನ್ನೇ ಕಾಣದಿದ್ದ ಬಡಗಿಗಳು, ಕಮ್ಮಾರರು, ಹೊಸದಾಗಿ ತರಬೇತಿ ಪಡೆದ ತರುಣರು ಈ ಕೆಲಸದಲ್ಲಿ ನುರಿತರು. ಯುದ್ಧ ಮುಗಿದ ಮೇಲೆ ಕಾರ್ಖಾನೆಗೆ ಉಳಿದ ನಿಜವಾದ ಆಸ್ತಿಯೆಂದರೆ ಈ ಕೈಗಳ ಪಳಗುವಿಕೆ. ಮುಂದೆ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಅಧ್ಯಕ್ಷರಾದ ಸತೀಶ್ ಧವನ್ ಅವರೂ ಅಮೆರಿಕಕ್ಕೆ ಉನ್ನತ ವ್ಯಾಸಂಗಕ್ಕೆ ತೆರಳುವ ಮುನ್ನ ಇಲ್ಲಿ ಕೆಲಕಾಲ ಕೆಲಸ ಮಾಡಿದ್ದರು.

ಲಿಬರೇಟರ್ ವಿಮಾನಗಳ ಪುನರುಜ್ಜೀವನ

ಯುದ್ಧಾನಂತರ ಮಿತ್ರರಾಷ್ಟ್ರಗಳು ಕಾನ್ಪುರದಲ್ಲಿ ಅನೇಕ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಬಿಟ್ಟು ಹೋದವು. ಅಮೆರಿಕವು ಎರವಲು ಒಪ್ಪಂದದ ಮೇಲೆ ಬ್ರಿಟನ್‌ಗೆ ಕೊಟ್ಟಿದ್ದ ಈ ವಿಮಾನಗಳು ಮರುಬಳಕೆಗೆ ಬಾರದಂತೆ ಅವುಗಳನ್ನು ಬೇಕೆಂದೇ ಜಖಂಗೊಳಿಸಲಾಗಿತ್ತು. ಸ್ವತಂತ್ರ ಭಾರತದ ವಾಯುಪಡೆಯಲ್ಲಿ ಆಗ ಭಾರಿ ಬಾಂಬರ್‌ಗಳಿರಲಿಲ್ಲ. ಬೆಂಗಳೂರಿನ ಕುಶಲಕರ್ಮಿಗಳು ಈ ಅವಶೇಷಗಳನ್ನು ಆಯ್ದು, ಒಂದರ ಭಾಗವನ್ನು ಇನ್ನೊಂದಕ್ಕೆ ಹೊಂದಿಸಿ, ಹಾರುವಷ್ಟರ ಮಟ್ಟಿಗೆ ಸರಿಪಡಿಸಿದರು. ಪರೀಕ್ಷಾ ಪೈಲಟ್ ಜಮ್‌ಶೇದ್ ಮುನ್ಷಿ ಅವುಗಳನ್ನು ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ಣ ದುರಸ್ತಿಗೊಂಡ ವಿಮಾನಗಳಿಂದ 1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೆಯ ಸ್ಕ್ವಾಡ್ರನ್ ರೂಪುಗೊಂಡಿತು.

ಭಾರತವು ಲಿಬರೇಟರ್‌ಗಳನ್ನು 1968ರವರೆಗೆ ಬಳಸಿತು. ಬೇರೆ ದೇಶಗಳಲ್ಲಿ ಅಷ್ಟರೊಳಗೆ ಅವು ಬಹುಮಟ್ಟಿಗೆ ಗುಜರಿಗೆ ಸೇರಿದ್ದವು. ಆದ್ದರಿಂದ ಜಗತ್ತಿನಲ್ಲಿ ಇಂದು ಉಳಿದಿರುವ ಕೆಲವೇ ಲಿಬರೇಟರ್‌ಗಳಲ್ಲಿ ಗಣನೀಯ ಪಾಲು ಭಾರತೀಯ ವಾಯುಪಡೆಯಿಂದ ಬಂದವು. ದೆಹಲಿಯ ಪಾಲಂನಲ್ಲಿರುವ ವಾಯುಪಡೆ ವಸ್ತುಸಂಗ್ರಹಾಲಯ, ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ವಸ್ತುಸಂಗ್ರಹಾಲಯ, ಅಮೆರಿಕದ ಅರಿಜೋನಾದ ಪೀಮಾ ವಸ್ತುಸಂಗ್ರಹಾಲಯ ಇವುಗಳಲ್ಲಿ ಅವುಗಳನ್ನು ಕಾಣಬಹುದು.

ಸಂಗ್ರಹ

ವಸ್ತುಸಂಗ್ರಹಾಲಯದಲ್ಲಿ ಎರಡು ಮುಖ್ಯ ಸಭಾಂಗಣಗಳಿವೆ. ಒಂದರಲ್ಲಿ 1940ರಿಂದ ದಶಕವಾರು ಜೋಡಿಸಿದ ಛಾಯಾಚಿತ್ರಗಳು ಕಾರ್ಖಾನೆಯ ಬೆಳವಣಿಗೆಯನ್ನು ತೋರಿಸುತ್ತವೆ. ಇನ್ನೊಂದರಲ್ಲಿ ಎಂಜಿನ್‌ಗಳ ಸೀಳುನೋಟಗಳಿವೆ. ಗಾಳಿಯನ್ನು ಒಳಗೆಳೆದು, ಒತ್ತಿ, ಇಂಧನದೊಡನೆ ಉರಿಸಿ, ಬಿಸಿ ಅನಿಲವನ್ನು ಹಿಂದಕ್ಕೆ ರಭಸದಿಂದ ಹೊರಹಾಕುವ ಜೆಟ್ ಎಂಜಿನ್ನಿನ ಕಾರ್ಯವಿಧಾನವನ್ನು ವಿದ್ಯಾರ್ಥಿಗಳು ಇಲ್ಲಿ ಕಣ್ಣಾರೆ ನೋಡಿ ತಿಳಿಯಬಹುದು. ವಿಮಾನ ಸಂಚಾರ ನಿಯಂತ್ರಣ ಗೋಪುರದ ಪ್ರತಿಕೃತಿ ಮತ್ತು ಹಾರಾಟದ ಅನುಭವ ನೀಡುವ ಸಿಮ್ಯುಲೇಟರ್ ಕೂಡ ಆವರಣದಲ್ಲಿವೆ. ಹೊರಾಂಗಣದಲ್ಲಿ ನಿಲ್ಲಿಸಿರುವ ವಿಮಾನಗಳಲ್ಲಿ ಮುಖ್ಯವಾದವು:

• ಎಚ್.ಟಿ.-2: ಸ್ವತಂತ್ರ ಭಾರತದಲ್ಲಿ ವಿನ್ಯಾಸಗೊಂಡು ತಯಾರಾದ ಮೊದಲ ಶಕ್ತಿಚಾಲಿತ ವಿಮಾನ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಈ ತರಬೇತಿ ವಿಮಾನವು 1951ರ ಆಗಸ್ಟ್‌ನಲ್ಲಿ ಮೊದಲ ಸಲ ಹಾರಿತು. ಘಾನಾ ದೇಶದ ವಾಯುಪಡೆಯೂ ಇದನ್ನು ಬಳಸಿತು.

• ಎಚ್.ಎಫ್.-24 ಮಾರುತ್: ಭಾರತದಲ್ಲಿಯೇ ಅಭಿವೃದ್ಧಿಗೊಂಡ ಮೊದಲ ಜೆಟ್ ಯುದ್ಧವಿಮಾನ.

• ಎಚ್.ಜೆ.ಟಿ.-16 ಕಿರಣ್: 1964ರ ಸೆಪ್ಟೆಂಬರ್‌ನಲ್ಲಿ ಮೊದಲ ಹಾರಾಟ ನಡೆಸಿದ ಜೆಟ್ ತರಬೇತಿ ವಿಮಾನ. ವಾಯುಪಡೆಯ ಹಲವು ತಲೆಮಾರುಗಳ ಪೈಲಟ್‌ಗಳು ಇದರಲ್ಲಿ ಕಲಿತರು.

• ಅಜೀತ್: ಬ್ರಿಟನ್ ಮೂಲದ ನ್ಯಾಟ್ ಯುದ್ಧವಿಮಾನವನ್ನು ಸುಧಾರಿಸಿ ರೂಪಿಸಿದ್ದು. ಬೆಂಗಳೂರಿನಲ್ಲಿ ಪರವಾನಗಿಯ ಮೇರೆಗೆ ತಯಾರಾಗುತ್ತಿದ್ದ ನ್ಯಾಟ್, 1965ರ ಯುದ್ಧದಲ್ಲಿಯೂ 1971ರ ನವೆಂಬರ್ 22ರಂದು ಬಂಗಾಳದ ಗಡಿಯ ಬೊಯ್ರಾ ವಾಯುಸಮರದಲ್ಲಿಯೂ ತನಗಿಂತ ದೊಡ್ಡದಾದ ಸೇಬರ್ ವಿಮಾನಗಳನ್ನು ಎದುರಿಸಿ ಹೆಸರಾಯಿತು.

• ಬಸಂತ್: ಬೆಳೆಗಳಿಗೆ ಔಷಧ ಸಿಂಪಡಿಸಲೆಂದು ತಯಾರಿಸಿದ ಕೃಷಿ ವಿಮಾನ.

• ಮಿಗ್-21: ಸೋವಿಯತ್ ಮೂಲದ, ಶಬ್ದಾತೀತ ವೇಗದ ಯುದ್ಧವಿಮಾನ. ಎಚ್.ಎ.ಎಲ್. ಇದನ್ನು ನಾಸಿಕ್‌ನಲ್ಲಿ ತಯಾರಿಸಿತು.

• ಲಕ್ಷ್ಯ: ಗುರಿಯಿಡುವ ಅಭ್ಯಾಸಕ್ಕೆ ಬಳಸುವ ಪೈಲಟ್‌ರಹಿತ ವಿಮಾನ.

ಮಾರುತ್ ಮತ್ತು ಸುರಂಜನ್ ದಾಸ್

ಸಂಗ್ರಹದ ವಿಮಾನಗಳಲ್ಲಿ ಮಾರುತ್‌ನ ಚರಿತ್ರೆ ವಿಶೇಷವಾದದ್ದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಪ್ರಸಿದ್ಧ ಫೋಕೆ-ವುಲ್ಫ್ 190 ಯುದ್ಧವಿಮಾನವನ್ನು ವಿನ್ಯಾಸಗೊಳಿಸಿದ್ದ ಕುರ್ಟ್ ಟ್ಯಾಂಕ್ ಅವರು 1956ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ಎಂಜಿನಿಯರುಗಳೊಡನೆ ಇದನ್ನು ರೂಪಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಇದನ್ನು ಮೊದಲ ಬಾರಿಗೆ ಹಾರಿಸಿದರು. ಒಟ್ಟು 147 ವಿಮಾನಗಳು ತಯಾರಾದವು.

ಮಾರುತ್‌ನ ದೇಹರಚನೆಯು ಶಬ್ದಕ್ಕಿಂತ ಹೆಚ್ಚಿನ ವೇಗಕ್ಕೆ ತಕ್ಕುದಾಗಿತ್ತು. ಆದರೆ ಅದಕ್ಕೆಂದು ಯೋಜಿಸಿದ್ದ ಹೆಚ್ಚಿನ ಶಕ್ತಿಯ ಆರ್ಫಿಯಸ್ ಎಂಜಿನ್ ಬ್ರಿಟನ್ನಿನಲ್ಲಿ ಅಭಿವೃದ್ಧಿಯ ಹಂತದಲ್ಲಿಯೇ ನಿಂತಿತು. ಅದಕ್ಕೆ ಬೇಕಾದ ಹಣವನ್ನು ಭರಿಸಲು ಭಾರತವೂ ಮುಂದಾಗಲಿಲ್ಲ. ಕಡಿಮೆ ಶಕ್ತಿಯ ಎರಡು ಎಂಜಿನ್‌ಗಳನ್ನೇ ಅಳವಡಿಸಬೇಕಾಯಿತು. ಪರ್ಯಾಯಗಳಿಗಾಗಿ ನಡೆಸಿದ ಪ್ರಯತ್ನಗಳು ಫಲಿಸಲಿಲ್ಲ. 1970ರ ಜನವರಿ 10ರಂದು, ಎಂಜಿನ್ನಿನ ಶಕ್ತಿ ಹೆಚ್ಚಿಸಿದ ಮಾರುತ್ ಮಾದರಿಯೊಂದರ ಪರೀಕ್ಷಾ ಹಾರಾಟದ ಆರಂಭದಲ್ಲಿಯೇ ಸಂಭವಿಸಿದ ಅಪಘಾತದಲ್ಲಿ ಸುರಂಜನ್ ದಾಸ್ ಪ್ರಾಣ ಕಳೆದುಕೊಂಡರು. ಹಳೆಯ ವಿಮಾನ ನಿಲ್ದಾಣ ರಸ್ತೆಯಿಂದ ಕವಲೊಡೆಯುವ ಸುರಂಜನ್ ದಾಸ್ ರಸ್ತೆ ಅವರ ಹೆಸರನ್ನು ಉಳಿಸಿದೆ.

ಹೀಗಿದ್ದರೂ 1971ರ ಯುದ್ಧದಲ್ಲಿ 10 ಮತ್ತು 220ನೆಯ ಸ್ಕ್ವಾಡ್ರನ್‌ಗಳ ಮಾರುತ್ ವಿಮಾನಗಳು ರಾಜಸ್ಥಾನದ ಗಡಿಯಲ್ಲಿ ಭೂಸೇನೆಗೆ ನೆರವಾದವು. ಶತ್ರುವಿನ ಗುಂಡಿಗೆ ಒಂದು ಎಂಜಿನ್ ಹಾಳಾದಾಗಲೂ ಇನ್ನೊಂದರ ಬಲದಿಂದ ಕೆಲವು ವಿಮಾನಗಳು ನೆಲೆಗೆ ಮರಳಿದವು. ಕೊನೆಯ ಮಾರುತ್‌ಗಳು 1990ರಲ್ಲಿ ಸೇವೆಯಿಂದ ನಿವೃತ್ತವಾದವು. ದೇಹವನ್ನು ತಾನೇ ರೂಪಿಸಿ ಎಂಜಿನ್ನಿಗೆ ಪರರನ್ನು ನಂಬಿದರೆ ಆಗುವ ತೊಡಕಿಗೆ ಈ ವಿಮಾನವನ್ನು ವೈಮಾನಿಕ ಚರಿತ್ರೆಯಲ್ಲಿ ಇಂದಿಗೂ ನಿದರ್ಶನವಾಗಿ ಹೇಳಲಾಗುತ್ತದೆ. ಬೆಂಗಳೂರಿನಲ್ಲಿಯೇ ರೂಪುಗೊಂಡು 2001ರ ಜನವರಿ 4ರಂದು ಮೊದಲ ಸಲ ಹಾರಿದ ತೇಜಸ್ ಯುದ್ಧವಿಮಾನವೂ ವಿದೇಶೀ ಎಂಜಿನ್ನಿನಿಂದಲೇ ಹಾರುತ್ತದೆ.

ಮಹತ್ವ ಮತ್ತು ಸಂರಕ್ಷಣೆ

ಯುದ್ಧಕಾಲದ ಬೆಂಗಳೂರಿನ ಕಾರ್ಖಾನೆಯ ಕುರುಹುಗಳು ಈಗ ವಿರಳ. ಇಲ್ಲಿ ದುರಸ್ತಿಗೊಂಡ ಬಾಂಬರ್‌ಗಳು ದೂರದ ಊರುಗಳ ವಸ್ತುಸಂಗ್ರಹಾಲಯಗಳಲ್ಲಿವೆ. ಜಲವಿಮಾನಗಳು ಇಳಿಯುತ್ತಿದ್ದ ಬೆಳ್ಳಂದೂರು ಕೆರೆ ನಗರದ ಕೊಳಚೆಯಿಂದ ಮಲಿನಗೊಂಡು, ನೊರೆ ಮತ್ತು ಬೆಂಕಿಗಾಗಿ ಸುದ್ದಿಯಾಗಿದೆ. 2008ರ ಮೇ 24ರಂದು ದೇವನಹಳ್ಳಿಯ ಹೊಸ ನಿಲ್ದಾಣ ಆರಂಭವಾದ ಮೇಲೆ ಎಚ್.ಎ.ಎಲ್. ನಿಲ್ದಾಣದಲ್ಲಿ ಸಾಮಾನ್ಯ ಪ್ರಯಾಣಿಕ ವಿಮಾನಗಳ ಸಂಚಾರವೂ ನಿಂತಿತು. 1940ರ ದಶಕದಲ್ಲಿ ಇಲ್ಲಿ ದುಡಿದವರ ಪೀಳಿಗೆ ಬಹುಮಟ್ಟಿಗೆ ಮರೆಯಾಗಿದೆ. ಹೀಗಾಗಿ ಮೊದಲ ಸಭಾಂಗಣದ ಛಾಯಾಚಿತ್ರಗಳಿಗೆ ಅಲಂಕಾರಕ್ಕಿಂತ ಹೆಚ್ಚಿನ, ದಾಖಲೆಯ ಬೆಲೆಯಿದೆ.

ಬಯಲಿನಲ್ಲಿ ನಿಲ್ಲಿಸಿದ ವಿಮಾನಗಳ ಸಂರಕ್ಷಣೆ ಎಲ್ಲ ವೈಮಾನಿಕ ವಸ್ತುಸಂಗ್ರಹಾಲಯಗಳಿಗೂ ಸವಾಲಿನ ಕೆಲಸ. ಅಲ್ಯೂಮಿನಿಯಂ ಮಿಶ್ರಲೋಹದ ಹೊದಿಕೆಗೆ ಉಕ್ಕಿನ ಮೊಳೆಗಳು ತಗಲಿರುವೆಡೆ ಮಳೆನೀರು ನಿಂತರೆ ಸವಕಳಿ ಬೇಗ ಹಬ್ಬುತ್ತದೆ. ಬಿಸಿಲಿಗೆ ಚಾಲಕನ ಕೋಣೆಯ ಪಾರದರ್ಶಕ ಮೇಲ್ಛಾವಣಿ ಮಂಕಾಗುತ್ತದೆ, ರಬ್ಬರಿನ ಭಾಗಗಳು ಬಿರಿಯುತ್ತವೆ. ನೀರು ಹರಿದುಹೋಗುವ ರಂಧ್ರಗಳನ್ನು ತೆರವಾಗಿಡುವುದು, ಕಾಲಕಾಲಕ್ಕೆ ಬಣ್ಣ ಬಳಿಯುವುದು, ಚಕ್ರಗಳ ಮೇಲಿನ ಭಾರವನ್ನು ಆಧಾರಕಂಬಗಳಿಗೆ ವರ್ಗಾಯಿಸುವುದು ಇದಕ್ಕೆ ಸಾಮಾನ್ಯವಾಗಿ ಅನುಸರಿಸುವ ಕ್ರಮಗಳು.

ಕರ್ನಾಟಕದ ಇತರ ಸಂಬಂಧಿತ ಸ್ಮಾರಕಗಳು

ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಅನ್ನು ಸೇನಾ ವಸ್ತುಸಂಗ್ರಹಾಲಯವಾಗಿ ಪರಿವರ್ತಿಸಿ 2021ರ ಫೆಬ್ರವರಿಯಲ್ಲಿ ಉದ್ಘಾಟಿಸಲಾಯಿತು. ಅದೇ ಪಟ್ಟಣದಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಸ್ಮಾರಕವಿದೆ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಅವರು ತಮ್ಮ ಮಿಸ್ಟೇರ್ ವಿಮಾನದಿಂದ, ಅದಕ್ಕಿಂತ ಬಹಳ ವೇಗಶಾಲಿಯಾದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಉರುಳಿಸಿ, ತಾವೂ ವೀರಮರಣ ಹೊಂದಿದರು. ಈ ಸಂಗತಿ ಬೆಳಕಿಗೆ ಬರಲು ವರ್ಷಗಳೇ ಹಿಡಿದವು. ಮರಣೋತ್ತರ ಮಹಾವೀರ ಚಕ್ರವು 1988ರಲ್ಲಿ ಸಂದಿತು. ಕಾರವಾರದ ಕಡಲತೀರದಲ್ಲಿ ಐ.ಎನ್.ಎಸ್. ಚಾಪಲ್ ಯುದ್ಧನೌಕೆಯು ವಸ್ತುಸಂಗ್ರಹಾಲಯವಾಗಿದ್ದು, ಅದರ ಪಕ್ಕದಲ್ಲಿ ನೌಕಾಪಡೆಯ ಟುಪೊಲೆವ್-142 ಕಡಲ್ಗಾವಲು ವಿಮಾನವನ್ನು ಇರಿಸಲಾಗಿದೆ.