ಎಣಿಕೆ, ಗಂಟು, ಅವಧಿ: ಭಿವಂಡಿ ಪರಿಸರದ ಹಬ್ಬದ ನೂಲು

ಥಾಣೆ ಜಿಲ್ಲೆಯ ಭಿವಂಡಿ ಭಾರತದ ವಿದ್ಯುತ್ ಮಗ್ಗಗಳ ಅತಿ ದೊಡ್ಡ ನೆಲೆಗಳಲ್ಲೊಂದು. 1982ರ ಜನವರಿಯಲ್ಲಿ ಆರಂಭವಾದ ಮುಂಬಯಿ ಗಿರಣಿ ಮುಷ್ಕರದ ಬಳಿಕ ಬಟ್ಟೆಯ ಉತ್ಪಾದನೆ ಇಂಥ ಮಗ್ಗದೂರುಗಳತ್ತ ಇನ್ನಷ್ಟು ವಾಲಿತು. ಭಿವಂಡಿಯ ಕಸುಬು ನೇಯ್ಗೆ. ಬೇರೆಡೆಯ ಗಿರಣಿಗಳಲ್ಲಿ ತಯಾರಾದ ನೂಲು ಇಲ್ಲಿನ ಸೈಜಿಂಗ್ ಘಟಕಗಳಲ್ಲಿ ಗಂಜಿ ಹೀರಿ, ಬೀಮಿಗೆ ಸುತ್ತಿಕೊಂಡು, ಹಾಸಾಗಿ ಮಗ್ಗವೇರುತ್ತದೆ. ಯಂತ್ರವೇ ನೂಲನ್ನು ಆಳುವ ಈ ಊರಿನಲ್ಲೂ, ನೆರೆಯ ಕಲ್ಯಾಣ, ಡೊಂಬಿವಲಿಗಳಲ್ಲೂ ಜ್ಯೇಷ್ಠದಿಂದ ಭಾದ್ರಪದದವರೆಗೆ ಒಂದಿಲ್ಲೊಂದು ಹಬ್ಬಕ್ಕೆ ಎಳೆ ಎಣಿಸಿ, ಗಂಟು ಹಾಕಿ, ಹತ್ತಿ ಹೊಸೆಯುವ ಕೈಕೆಲಸ ಉಳಿದಿದೆ. ಇದನ್ನು ಗಿರಣಿಪೂರ್ವ ಕಾಲದ ಪಳೆಯುಳಿಕೆ ಎಂದು ಬದಿಗಿಡುವುದು ಸುಲಭ. ಆದರೆ ಹಬ್ಬದ ನೂಲಿಗೆ ಅರ್ಥ ಕೊಡುವುದು ಅದನ್ನು ಯಾರು ನೂತರು ಎಂಬುದಕ್ಕಿಂತ ಹೆಚ್ಚಾಗಿ ಅದರ ಎಣಿಕೆ, ಗಂಟು ಮತ್ತು ಅದು ಇರಬೇಕಾದ ಅವಧಿ ಎಂಬುದು ಈ ಲೇಖನದ ವಾದ. ಗಿರಣಿಯಾಗಲಿ ವಿದ್ಯುತ್ ಮಗ್ಗವಾಗಲಿ ಈ ಆಚರಣೆಯನ್ನು ಅಳಿಸದಿರಲು ಕಾರಣವೂ ಇದೇ.

ಮೊದಲು ಜ್ಯೇಷ್ಠ ಮಾಸವನ್ನು ನೋಡಬಹುದು. ಮಹಾರಾಷ್ಟ್ರದಲ್ಲಿ ಜ್ಯೇಷ್ಠ ಶುದ್ಧ ಹುಣ್ಣಿಮೆ ವಟಪೌರ್ಣಿಮೆ. ಮುತ್ತೈದೆಯರು ಆಲದ ಮರಕ್ಕೆ ಪ್ರದಕ್ಷಿಣೆ ಬರುತ್ತ ಬಿಳಿಯ ನೂಲನ್ನು, ಸಾಮಾನ್ಯವಾಗಿ ಏಳು ಸುತ್ತು, ಸುತ್ತುತ್ತಾರೆ. ಉತ್ತರ ಪ್ರದೇಶ, ಬಿಹಾರ ಮೂಲದವರು ಇದೇ ಸಾವಿತ್ರಿ ವ್ರತವನ್ನು ಹದಿನೈದು ದಿನ ಮೊದಲೇ, ಅಮಾವಾಸ್ಯೆಯಂದು ಮಾಡುತ್ತಾರೆ. ಅವರ ಪೌರ್ಣಿಮಾಂತ ಪಂಚಾಂಗದಲ್ಲಿ ಅದು ಜ್ಯೇಷ್ಠದ ಅಮಾವಾಸ್ಯೆ. ಕನ್ನಡಿಗರೂ ಮರಾಠಿಗರೂ ಅನುಸರಿಸುವ ಅಮಾಂತ ಪಂಚಾಂಗದಲ್ಲಿ ವೈಶಾಖದ್ದು. ಎರಡೂ ಕಡೆಯ ಜನ ಕೂಡಿ ಬದುಕುವ ಈ ಸೀಮೆಯಲ್ಲಿ ಮರ, ಕಥೆ, ನೂಲು ಎಲ್ಲವೂ ಒಂದೇ ಆಗಿದ್ದು ದಿನ ಮಾತ್ರ ಬೇರೆ. ಇನ್ನು ಉತ್ತರ ಕರ್ನಾಟಕದಲ್ಲಿ ಅದೇ ಹುಣ್ಣಿಮೆ ಕಾರ ಹುಣ್ಣಿಮೆ. ಅಂದು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ನೂಲಿನ ಗೊಂಡೆ ಕಟ್ಟಿ, ಬೆನ್ನಿಗೆ ಜೂಲ ಹೊದಿಸಿ, ಸಂಜೆ ಕರಿ ಹರಿಯುತ್ತಾರೆ. ನೂಲು ಇಲ್ಲಿ ಮರವನ್ನು ಸುತ್ತುತ್ತದೆ, ಅಲ್ಲಿ ಗೊಂಡೆಯಾಗಿ ತೂಗುತ್ತದೆ. ಎರಡನ್ನೂ ಕರೆತರುವುದು ಮುಂಗಾರಿನ ಹೊಸ್ತಿಲಿನ ಒಂದೇ ಹುಣ್ಣಿಮೆ.

ಶ್ರಾವಣ, ಭಾದ್ರಪದಗಳಲ್ಲಿ ಎಣಿಕೆ ಇನ್ನೂ ನಿಖರವಾಗುತ್ತದೆ. ವರಮಹಾಲಕ್ಷ್ಮಿಯ ದಾರಕ್ಕೆ ಒಂಬತ್ತು ಎಳೆ, ಒಂಬತ್ತು ಗಂಟು. ಸ್ವರ್ಣಗೌರಿಯ ದಾರಕ್ಕೆ ಹದಿನಾರು. ಅನಂತನ ದಾರಕ್ಕೆ ಹದಿನಾಲ್ಕು ಗಂಟು. ಅನಂತ ಚತುರ್ದಶಿಯೇ ಮುಂಬಯಿ ಸುತ್ತಿನಲ್ಲಿ ಗಣಪತಿ ವಿಸರ್ಜನೆಯ ದಿನ. ನಡುವೆ ಬರುವ ಶ್ರಾವಣ ಹುಣ್ಣಿಮೆ ಕೋಳಿ ಮೀನುಗಾರರಿಗೆ ನಾರಳಿ ಪೌರ್ಣಿಮೆ, ಕನ್ನಡಿಗರಿಗೆ ನೂಲ ಹುಣ್ಣಿಮೆ, ಭಿವಂಡಿಯ ಮಗ್ಗಗಳಿಗೆ ಬಂದು ನೆಲೆಸಿದ ತೆಲುಗು ಪದ್ಮಶಾಲಿಗಳಿಗೆ ಜನಿವಾರ ಬದಲಿಸುವ ದಿನ. ಈ ದಾರಗಳ ಬಗ್ಗೆ ವ್ರತವಿಧಿಗಳು ಒತ್ತಿ ಹೇಳುವುದು ಎಳೆ ಎಷ್ಟು, ಗಂಟು ಎಷ್ಟು, ಎಂದು ಕಟ್ಟಬೇಕು, ಎಂದು ಬಿಚ್ಚಬೇಕು ಎಂಬುದನ್ನು. ಗಿರಣಿಯ ಉಂಡೆಯಿಂದ ಎಳೆದ ನೂಲಿಗೂ ಹದಿನಾಲ್ಕನೆಯ ಗಂಟು ಬಿದ್ದಾಗ ಅದು ಅನಂತನೇ. ನೂಲುವ ಕೆಲಸ ಗಿರಣಿಗೆ ಹೋದರೂ ಈ ಕೊನೆಯ ಕೆಲಸ ಮನೆಯಲ್ಲೇ ನಿಂತಿತು.

ಇದಕ್ಕೆ ಮೊದಲ ಆಕ್ಷೇಪ ಆರ್ಥಿಕ ಸ್ವರೂಪದ್ದು: ಬಟ್ಟೆ ಕೊಳ್ಳಲಾಗದವರು ದೇವರಿಗೆ ಅದರ ಬದಲಿಗೆ ಎಳೆ, ಹತ್ತಿ ಏರಿಸಿದರು, ಎಣಿಕೆಯ ವಿಧಿ ಆಮೇಲೆ ಅಂಟಿಕೊಂಡಿತು. ಇದನ್ನು ಪರೀಕ್ಷಿಸಲು ಗೆಜ್ಜೆವಸ್ತ್ರಕ್ಕಿಂತ ಒಳ್ಳೆಯ ವಸ್ತುವಿಲ್ಲ. ಬೀಜ ತೆಗೆದು ಹಿಂಜಿದ ಹತ್ತಿಯನ್ನು ಹಾಲನ್ನೋ ವಿಭೂತಿಯನ್ನೋ ತಾಗಿಸಿದ ಬೆರಳ ತುದಿಯಲ್ಲಿ ಹೊಸೆದು, ನಡುನಡುವೆ ಗುಂಡಗೆ ಉಬ್ಬು ಬಿಟ್ಟು, ಕುಂಕುಮ ಹಚ್ಚಿ ಮಾಡುವ ಈ ಮಾಲೆ ಚರಕವನ್ನೂ ಮಗ್ಗವನ್ನೂ ದಾಟದ ವಸ್ತ್ರ. ಅದು ಬರಿಯ ಬಡವರ ಬದಲಿಯಾಗಿದ್ದರೆ ಬಟ್ಟೆ ಅಗ್ಗವಾದಂತೆ ಕಣ್ಮರೆಯಾಗಬೇಕಿತ್ತು, ಬಟ್ಟೆಯೇ ಹುಟ್ಟುವ ಭಿವಂಡಿಯ ಸುತ್ತಲಂತೂ ಮೊದಲು ಕಣ್ಮರೆಯಾಗಬೇಕಿತ್ತು. ಆದರೆ ಕಲಶಕ್ಕೆ ಸೀರೆ ಉಡಿಸಿದ ಮನೆಯಲ್ಲೂ ಅದರ ಮೇಲೆ ಗೆಜ್ಜೆವಸ್ತ್ರ ಏರುತ್ತದೆ. ಸೀರೆ ಇದ್ದೂ ಹತ್ತಿಯ ಮಾಲೆ ಬೇಕೆಂದರೆ, ಅದು ತುಂಬುತ್ತಿರುವುದು ಸೀರೆಯ ಕೊರತೆಯನ್ನಲ್ಲ. ಕೊಂಡ ಬಟ್ಟೆಯಲ್ಲಿ ಇಲ್ಲದ್ದೊಂದು, ಹಬ್ಬಕ್ಕೆಂದೇ ಎಣಿಸಿ ಮಾಡಿದ ಕೈಕೆಲಸ, ಅದರಲ್ಲಿದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ: ನೂಲಿನ ಮೂಲವೂ ಮುಖ್ಯವೆಂಬುದಕ್ಕೆ ನಮ್ಮಲ್ಲೇ ಸಾಕ್ಷಿಗಳಿವೆ. ಜನಿವಾರದ ನೂಲು ಕೈಯಲ್ಲಿ ನೂತದ್ದೇ ಆಗಿರಬೇಕೆಂಬ ಸಂಪ್ರದಾಯವಿದೆ. ಕುರುಬರಲ್ಲಿ ಹತ್ತಿ ಕಂಕಣ, ಉಣ್ಣೆ ಕಂಕಣ ಎಂಬ ಒಳಪಂಗಡಗಳಿಗೆ ಮದುವೆಯ ಕಂಕಣ ಯಾವುದರದು ಎಂಬುದೇ ಆಧಾರ. ಈ ಸಾಕ್ಷಿಗಳು ನಿಜ. ಆದರೆ ಅವು ಬೇರೊಂದು ಪ್ರಶ್ನೆಗೆ ಉತ್ತರಿಸುತ್ತವೆ. ಜನಿವಾರವನ್ನು ಶ್ರಾವಣದಲ್ಲಿ ಬದಲಿಸಿದರೂ ಅದು ಹೇಳುವುದು ಧರಿಸಿದವನ ಸಂಸ್ಕಾರವನ್ನು, ವರ್ಷವಿಡೀ ಮೈಮೇಲಿರುತ್ತದೆ. ಕಂಕಣ ಹೇಳುವುದು ಕುಲವನ್ನು. ನೂಲು ‘ಯಾರು’ ಎಂದು ಹೇಳುವಲ್ಲಿ ಅದರ ಹುಟ್ಟು ಮುಖ್ಯವಾಗುತ್ತದೆ, ‘ಯಾವ ದಿನ’ ಎಂದು ಹೇಳುವಲ್ಲಿ ಎಣಿಕೆ ಮುಖ್ಯವಾಗುತ್ತದೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದ್ದರಿಂದಲೇ ಗಿರಣಿ ನೂಲಿನ ಬಳಕೆ ಆಚರಣೆಯ ಅವನತಿಯಂತೆ ಕಾಣುತ್ತದೆ.

ಮೂರನೆಯದು ಸಿದ್ಧವಸ್ತುವಿನ ಪ್ರಶ್ನೆ. ಗೆಜ್ಜೆವಸ್ತ್ರ, ಗಂಟು ಹಾಕಿದ ದಾರ, ರಾಖಿ ಎಲ್ಲವೂ ಈಗ ಅಂಗಡಿಯಲ್ಲಿ ಪೊಟ್ಟಣವಾಗಿ ಸಿಗುವಾಗ ಕೈಕೆಲಸದ ಮಾತೆಲ್ಲಿ? ಇಲ್ಲಿ ಸ್ವಲ್ಪ ಒಪ್ಪಲೇಬೇಕು: ಎಣಿಸುವ ಕೈ ಮನೆಯಿಂದ ಮಾರಾಟಗಾರರ ಕಡೆಗೆ ಸರಿಯುತ್ತಿದೆ. ಆದರೂ ಕೊಳ್ಳುವವರು ಅನಂತನಿಗೆ ಹದಿನಾಲ್ಕು ಗಂಟಿನದನ್ನೇ ಕೇಳುತ್ತಾರೆ, ಕಟ್ಟುವುದು ಆ ದಿನವೇ. ಮಾರುಕಟ್ಟೆಯೂ ಪಂಚಾಂಗಕ್ಕೆ ತಲೆಬಾಗಿದೆ.

ನಿಜವಾದ ಬಿರುಕು ಮೂಡುತ್ತಿರುವುದು ಅವಧಿಯಲ್ಲಿ. ಬಲ್ಗೇರಿಯಾದ ಜನ ಮಾರ್ಚ್ 1ರಂದು ಕೆಂಪು ಬಿಳಿ ನೂಲಿನ ಮಾರ್ತೆನಿತ್ಸಾ ಧರಿಸಿ, ಕೊಕ್ಕರೆಯೋ ಹೂಬಿಟ್ಟ ಮರವೋ ಕಂಡಾಗ ತೆಗೆದು ಕೊಂಬೆಗೆ ಕಟ್ಟುತ್ತಾರೆ. ಇದೂ ಸೇರಿದಂತೆ ನಾಲ್ಕು ದೇಶಗಳ ಮಾರ್ಚ್ ಒಂದರ ಆಚರಣೆಗಳು 2017ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಋತುವಿನ ನೂಲು ಋತುವಿಗೇ ಮರಳಬೇಕೆಂಬ ನಿಯಮ ಅಲ್ಲಿಯೂ ಇದೆ. ನಮ್ಮಲ್ಲಿ ಆಲಕ್ಕೆ ಸುತ್ತಿದ ಹತ್ತಿ ನೂಲು ಮಳೆಗೆ ಕೊಳೆಯುತ್ತಿತ್ತು, ನೀರಿಗೆ ಬಿಟ್ಟ ದಾರ ನೀರಲ್ಲೇ ಕರಗುತ್ತಿತ್ತು. ಪಾಲಿಯೆಸ್ಟರ್ ಎಳೆ ಕೊಳೆಯುವುದಿಲ್ಲ. ಅದು ತೊಗಟೆಗೆ ಬಿಗಿದು ಹಿಂದಿನ ವರ್ಷದ ಹಬ್ಬವನ್ನು ಮುಂದಿನ ವರ್ಷಕ್ಕೂ ಹೊರಿಸುತ್ತದೆ. ಹಾಗಾಗಿ ವಸ್ತುವಿನ ಗುಣ ಅಪ್ರಸ್ತುತವೆಂದು ಹೇಳಲಾಗದು. ಅದು ಎಣಿಕೆಗೆ ಅಡ್ಡಿಯಾಗದಿದ್ದರೂ ಮುಗಿತಾಯಕ್ಕೆ ಅಡ್ಡಿಯಾಗುತ್ತದೆ. ಅಧ್ಯಯನದ ಕ್ರಮಕ್ಕೂ ಇದರಿಂದ ಒಂದು ಸೂಚನೆ ದೊರೆಯುತ್ತದೆ. ಗೊಂಡೆ, ದಾರ, ಗೆಜ್ಜೆವಸ್ತ್ರಗಳನ್ನು ಕರಕುಶಲ ವಸ್ತುಗಳೆಂದು ಸಂಗ್ರಹಿಸಿ ನೂಲಿನ ಜಾತಿ, ಬಣ್ಣ ಮಾತ್ರ ದಾಖಲಿಸಿದರೆ ಮುಖ್ಯ ಮಾಹಿತಿಯೇ ತಪ್ಪಿಹೋಗುತ್ತದೆ. ಯಾವ ಪಂಚಾಂಗದ ಯಾವ ತಿಥಿ, ಎಷ್ಟು ಎಳೆ, ಯಾರ ಕೈಯ ಗಂಟು, ಯಾವಾಗ ಎಲ್ಲಿ ವಿಸರ್ಜನೆ ಎಂಬ ನಾಲ್ಕು ವಿವರಗಳಿಲ್ಲದೆ ಆ ವಸ್ತುಗಳ ದಾಖಲೆ ಪೂರ್ಣವಾಗದು.