ಪದ ಪರಿಚಯ: ಆಪ್ತಸಮಾಲೋಚನೆ

ಸಂಸ್ಕೃತದ ‘ಆಪ್’ ಧಾತುವಿಗೆ ಪಡೆ, ತಲುಪು ಎಂಬ ಅರ್ಥ. ಅದರಿಂದ ಬಂದ ‘ಆಪ್ತ’ರು ಕನ್ನಡದಲ್ಲಿ ಹತ್ತಿರದವರು, ನ್ಯಾಯಶಾಸ್ತ್ರದಲ್ಲಿ ನಂಬತಕ್ಕ ಮಾತಿನವರು. ‘ಸಮಾಲೋಚನೆ’ ಎಂದರೆ ಕೂಡಿ ವಿಚಾರ ಮಾಡುವುದು. ಕೌನ್ಸೆಲಿಂಗ್‌ಗೆ ಕನ್ನಡ ಇವೆರಡನ್ನೂ ಬೆಸೆಯಿತು. ಮರಾಠಿ ‘ಸಮುಪದೇಶನ’ ಎಂದಿತು, ಅದರಲ್ಲಿ ಉಪದೇಶದ ಬೇರಿದೆ.

ಕರ್ನಾಟಕದ ಗಡಿಗೆ ಹತ್ತಿರವಿರುವ ಮಹಾರಾಷ್ಟ್ರದ ಊರು ಕಾಸಾರಶಿರಸಿಯಲ್ಲಿ ಈ ಎರಡೂ ಭಾಷೆ ಕಿವಿಗೆ ಬೀಳುತ್ತವೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಕಲ್ಲು-ಮಣ್ಣಿನ ಮನೆಗಳನ್ನು ಕೆಡವಿದ ಸೀಮೆಯಿದು. ಇಲ್ಲಿ ಬೆಳೆದ ಸಮಾಲೋಚಕರಿಗೆ, ದಪ್ಪ ಗೋಡೆಯ ಮನೆಯೊಳಗೆ ಮಲಗಲು ಅಂಜುವವರ ಭಯವನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ತಮ್ಮ ಮನೆಯ ದುಃಖವನ್ನೇ ಎದುರಿಗೆ ಕೂತವರಲ್ಲೂ ಕಂಡುಬಿಡುವ ಅಪಾಯ ಅವರಿಗುಂಟು. ಅದಕ್ಕೇ ತರಬೇತಿ ಬೇಕು, ಅನುಭವಿಗಳ ಮೇಲ್ವಿಚಾರಣೆ ಬೇಕು. ಆಪ್ತತೆ ಊರಿನಿಂದ ಬಂದೀತು. ಸಮಾಲೋಚನೆಯನ್ನು ಮಾತ್ರ ಕಲಿತೇ ಪಡೆಯಬೇಕು.