ಸೀಸೆಯ ಮೇಲಿನ ಚಿಕ್ಕ ಅಕ್ಷರಗಳು

ಮದುವೆಯ ಸತ್ಕಾರಕೂಟದಲ್ಲಿ ನೊರೆಯುಕ್ಕುವ ಯಾವ ದ್ರಾಕ್ಷಾರಸವನ್ನು ಕಂಡರೂ ನಾವು ಅದನ್ನು ‘ಶಾಂಪೇನ್’ ಎಂದು ಕರೆದುಬಿಡುತ್ತೇವೆ. ಆದರೆ ಅದು ಮೊದಲಿಗೆ ಒಂದು ನಾಡಿನ ಹೆಸರು. ಪ್ಯಾರಿಸ್ ನಗರದ ಪೂರ್ವಕ್ಕೆ, ಸುಣ್ಣದ ನೆಲದ ಇಳಿಜಾರುಗಳಲ್ಲಿ ದ್ರಾಕ್ಷಿ ಬೆಳೆಯುವ ತಂಪು ನಾಡು ಅದು.

ಅಲ್ಲಿನ ಓವಿಲೇ ಗ್ರಾಮದ ಬೆನೆಡಿಕ್ಟಿನ್ ಮಠದಲ್ಲಿ 1668ರಿಂದ 1715ರಲ್ಲಿ ನಿಧನರಾಗುವವರೆಗೆ ಉಗ್ರಾಣದ ಹೊಣೆ ಹೊತ್ತಿದ್ದವರು ಡೊಂ ಪಿಯೆರ್ ಪೆರಿನ್ಯೋನ್. ಗುಳ್ಳೆಗಳುಳ್ಳ ಶಾಂಪೇನನ್ನು ಕಂಡುಹಿಡಿದವರು ಅವರೇ ಎಂಬ ಕಥೆ ಲೋಕಪ್ರಸಿದ್ಧ. ಇತಿಹಾಸ ಹೇಳುವುದು ಬೇರೆ. ಅವರ ಕಾಲದ ಮಠಕ್ಕೆ ಗುಳ್ಳೆಯೆಂಬುದು ಒಂದು ದೋಷ. ಚಳಿಗೆ ನಿಂತ ಹುದುಗು ವಸಂತದಲ್ಲಿ ಮರಳಿ ಎದ್ದು ಸೀಸೆಗಳನ್ನೇ ಒಡೆಯುತ್ತಿತ್ತು. ಸಕ್ಕರೆ ಬೆರೆಸಿ ದ್ರಾಕ್ಷಾರಸಕ್ಕೆ ನೊರೆ ತರಿಸುವ ಪದ್ಧತಿಯನ್ನು ಇಂಗ್ಲೆಂಡಿನ ಕ್ರಿಸ್ಟೋಫರ್ ಮೆರೆಟ್ 1662ರಲ್ಲಿಯೇ ದಾಖಲಿಸಿದ್ದರು. ಸಂನ್ಯಾಸಿಯ ಕಥೆಗೆ ರೆಕ್ಕೆ ಮೂಡಿಸಿದ್ದು, ಅದೇ ಮಠಕ್ಕೆ ಸೇರಿದ್ದ ಡೊಂ ಗ್ರೊಸಾರ್ 1821ರಲ್ಲಿ ಬರೆದ ಪತ್ರ. ಬೇರೆ ಬೇರೆ ತೋಟಗಳ ಹಣ್ಣನ್ನು ಹದವರಿತು ಕೂಡಿಸಿದ ತಾಳ್ಮೆಯ ದುಡಿಮೆಯೇ ಪೆರಿನ್ಯೋನರ ನಿಜವಾದ ಹಿರಿಮೆ.

ಕಾಲಕ್ರಮದಲ್ಲಿ ಶಾಂಪೇನಿನ ಹೆಸರು ಬೆಳೆಯಿತು. ದ್ರಾಕ್ಷಿ ಬೆಳೆದವನು ಮರೆಯಾದ. 1910ರಲ್ಲಿ ಫಸಲು ನೆಲಕಚ್ಚಿದಾಗ, ಕೆಲವು ವರ್ತಕರು ಹೊರನಾಡಿನ ದ್ರಾಕ್ಷಿ ತರಿಸಿ ಅದೇ ಹೆಸರಿನಲ್ಲಿ ಮಾರುತ್ತಿರುವುದನ್ನು ಕಂಡು ರೈತರು ಕನಲಿದರು. 1911ರಲ್ಲಿ ಓವಿಲೇ ಸಹಿತ ಹಲವು ಊರುಗಳಲ್ಲಿ ದಂಗೆಯಾಯಿತು. ವರ್ತಕರ ಉಗ್ರಾಣಗಳು ಧ್ವಂಸವಾದವು, ಸೈನ್ಯ ಬಂದಿತು. ಕೊನೆಗೆ 1927ರ ಕಾನೂನು ನಾಡಿನ ಎಲ್ಲೆಯನ್ನು ನಿಗದಿಪಡಿಸಿತು. 1936ರಲ್ಲಿ ಆ ಹೆಸರಿಗೆ ಮೂಲಸ್ಥಾನದ ಮಾನ್ಯತೆ ದೊರೆಯಿತು.

ಹೊಸದಾಗಿ ಶಾಂಪೇನ್ ಆರಿಸಬೇಕಾದವರು ಈ ಇತಿಹಾಸವನ್ನು ಸೀಸೆಯ ಚೀಟಿಯಲ್ಲಿಯೇ ಓದಬಹುದು. ಹತ್ತೊಂಬತ್ತನೆಯ ಶತಮಾನದ ಶಾಂಪೇನ್ ಬಲು ಸಿಹಿ. ಪೊಮೆರಿ ಸಂಸ್ಥೆ 1874ರ ಫಸಲಿನಿಂದ ಸಿದ್ಧಪಡಿಸಿದ ‘ಬ್ರುಟ್’ ಆ ರುಚಿಯನ್ನು ಬದಲಿಸಿತು. ಇಂದು ಬ್ರುಟ್ ಎಂದರೆ ಲೀಟರಿಗೆ 12 ಗ್ರಾಮಿಗಿಂತ ಕಡಿಮೆ ಸಕ್ಕರೆ. ‘ಎಕ್ಸ್‌ಟ್ರಾ ಡ್ರೈ’ ಎಂಬ ಹೆಸರನ್ನು ನಂಬಿ ಮೋಸಹೋಗಬೇಡಿ. 12ರಿಂದ 17 ಗ್ರಾಮ್ ಸಕ್ಕರೆಯಿರುವ ಅದು ಬ್ರುಟ್‌ಗಿಂತ ಸಿಹಿ. ಸಿಹಿಯೇ ಹಿತವೆನ್ನುವವರಿಗೆ 32ರಿಂದ 50 ಗ್ರಾಮಿನ ‘ಡೆಮಿ ಸೆಕ್’ ಇದೆ. ‘ಬ್ಲಾಂ ದ ಬ್ಲಾಂ’ ಎಂದಿದ್ದರೆ ಅದು ಬಿಳಿ ದ್ರಾಕ್ಷಿಯದು ಮಾತ್ರ. ಫಸಲಿನ ವರ್ಷ ನಮೂದಾಗಿದ್ದರೆ ಕನಿಷ್ಠ 3 ವರ್ಷ, ಇಲ್ಲವಾದರೆ ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿ ಮಾಗಿದ್ದು.

ಇನ್ನೂ ಸೂಕ್ಷ್ಮವಾಗಿ ನೋಡಿದರೆ ಚೀಟಿಯ ಅಂಚಿನಲ್ಲಿ ಎರಡು ಪುಟ್ಟ ಅಕ್ಷರಗಳು ಕಾಣುತ್ತವೆ. ‘ಎನ್‌ಎಂ’ ಎಂದರೆ ಬೆಳೆಗಾರರಿಂದ ದ್ರಾಕ್ಷಿ ಕೊಂಡು ತಯಾರಿಸುವ ಸಂಸ್ಥೆ. ‘ಆರ್‌ಎಂ’ ಎಂದರೆ ತನ್ನ ತೋಟದ ಹಣ್ಣಿನಿಂದ ತಾನೇ ತಯಾರಿಸುವ ರೈತ. ಎರಡರಲ್ಲೂ ಉತ್ತಮವಾದವು ಉಂಟು. ದೊಡ್ಡ ಅಕ್ಷರ ಮಾರುವವನ ಹೆಸರನ್ನು ಸಾರುತ್ತದೆ. ಬೆಳೆದ ಕೈ ಯಾರದೆಂಬ ಸುಳಿವು ಚಿಕ್ಕ ಅಕ್ಷರದಲ್ಲಿದೆ. ಆರಿಸುವ ಮುನ್ನ ಅದನ್ನೂ ಓದುವುದು ದುಡಿದವನಿಗೆ ಸಲ್ಲಬೇಕಾದ ಕನಿಷ್ಠ ಮರ್ಯಾದೆಯಲ್ಲವೇ?